ನೀರಿಗೆ ಕೊಟ್ಟ ವೀಳ್ಯ

ನನ್ನನ್ನು ನೋಡಲು ಬಂದಿದ್ದಾರೆ ಅಂದುಕೊಂಡೆ. ನನ್ನ ಜಾಗದಲ್ಲಿ ನೀವಿದ್ದರೂ ಹಾಗೇ ಅಂದುಕೊಳ್ಳುತ್ತಿದ್ದಿರಿ. ಆದ್ದರಿಂದ ಆಮೇಲೆ ನನ್ನನ್ನು ಪೆದ್ದಿ ಅನ್ನಬೇಡಿ.

ಹೊಳೆದಂಡೆಯ ಪಂಪ್‌ಹೌಸಿಗೆ ಯಾರೂ ಬರುವುದಿಲ್ಲ. ಕೆ.ಆರ್. ನಗರದ ಅರ್ಧ ಜನರ ಪಾಲಿಗೆ ನೀರು ಹುಟ್ಟುವುದೇ ಕೊಳಾಯಿಯಲ್ಲಿ. ಅದನ್ನು ಹೊಳೆಯಿಂದ ಮೇಲೆತ್ತಿ ಸಂತೆಮಾಳದ ದೊಡ್ಡ ಟ್ಯಾಂಕಿಗೆ ತಳ್ಳಲು ಒಬ್ಬಳು ಕೂತಿದ್ದಾಳೆ ಎಂಬುದು ಅವರಿಗೆ ಬೇಕಾಗಿಯೂ ಇಲ್ಲ. ಇಲ್ಲಿರುವುದು ಎರಡು ಮೋಟಾರು, ಒಂದು ಪ್ಯಾನಲ್ ಬೋರ್ಡು, ಒಂದು ಪ್ಲಾಸ್ಟಿಕ್ ಕುರ್ಚಿ, ಮತ್ತೆ ನಾನು. ಅಂಥ ಜಾಗಕ್ಕೆ ಒಂದು ಮಧ್ಯಾಹ್ನ ನಾನು ಮೆಚ್ಚಿದ ಪ್ರಸಾದನ ಬೈಕು ಬಂತು. ಹಿಂದಿನ ಸೀಟಿನಲ್ಲಿ ಅವನ ತಾಯಿ ಶಿವರುದ್ರಮ್ಮ. ಮೈಮೇಲೆ ರೇಷ್ಮೆ ಸೀರೆ, ಮಡಿಲಲ್ಲಿ ಬಟ್ಟೆ ಮುಚ್ಚಿದ ಸ್ಟೀಲ್ ತಟ್ಟೆ.

ಎದೆ ಬಡಿತ ಮೋಟಾರಿನ ಸದ್ದಿನಲ್ಲಿ ಯಾರಿಗೂ ಕೇಳಿಸುವುದಿಲ್ಲ ಎಂಬುದೊಂದೇ ನನಗಿದ್ದ ಧೈರ್ಯ. ಕೈಯೆಲ್ಲ ಗ್ರೀಸು. ಹಳೇ ಬಟ್ಟೆಯಲ್ಲಿ ಎಷ್ಟು ಉಜ್ಜಿದರೂ ಹೋಗಲಿಲ್ಲ.

"ನೀನೇನಾ ಸಂಘಮಿತ್ರ?" ಶಿವರುದ್ರಮ್ಮ ನನ್ನನ್ನು ನಿಧಾನವಾಗಿ ಮೇಲಿಂದ ಕೆಳಗೆ ನೋಡಿದರು. "ಪ್ರಸಾದ ಏಳ್ತಿರ್ತಾನೆ ಕಣವ್ವ. ಚೆಂದಾಗದೆ ಎಸ್ರು. ಯಾವೂರು?"

"ಮಿರ್ಲೆ ಅಮ್ಮ."

"ತಂದೆ ಎಸ್ರು?"

"ಚಿಕ್ಕಮಾದಯ್ಯ."

"ಓ" ಅಂದರು. ಅಪ್ಪನ ಹೆಸರು ಕೇಳಿದ ಮೇಲೆ ನಮ್ಮ ಕಡೆ ಯಾರೂ ಜಾತಿ ಕೇಳುವುದಿಲ್ಲ, ಕೇಳಬೇಕಾದ ಅಗತ್ಯ ಬೀಳುವುದಿಲ್ಲ. ಆದರೂ ಆಕೆಯ ಮುಖದ ನಗು ಹಾಗೇ ಇತ್ತು. ಆ ನಗುವಿನ ಮೇಲೆ ನಾನು ನಿಂತಲ್ಲೇ ಮನೆ ಕಟ್ಟಿ ಗೃಹಪ್ರವೇಶವನ್ನೂ ಮಾಡಿಬಿಟ್ಟೆ.

"ನೀರು ಕುಡೀರಿ ಅಮ್ಮ. ಬಿಸಿಲಲ್ಲಿ ಬಂದಿದ್ದೀರ."

"ಇವತ್ತು ಸ್ವಾಮ್ವಾರ ಕಣ್ ಮಗ, ಒಪ್ಪತ್ತು. ಸಂಜೆಗಂಟ ಏನೂ ಮುಟ್ಟಕಿಲ್ಲ."

ಅವತ್ತು ಬುಧವಾರ. ನನಗೆ ಅದು ಹೊಳೆಯಲೇ ಇಲ್ಲ. ಸೋಮವಾರ ಅಂದರು, ಸೋಮವಾರ ಇರಬೇಕು ಅಂದುಕೊಂಡೆ.

ಬಟ್ಟೆ ಸರಿಸಿ ತಟ್ಟೆಯನ್ನು ಕುರ್ಚಿಯ ಮೇಲಿಟ್ಟರು. ವೀಳ್ಯದೆಲೆ, ಅಡಿಕೆ, ತೆಂಗಿನಕಾಯಿ, ಬಾಳೆಹಣ್ಣು, ಒಂದು ಮೊಳ ಮಲ್ಲಿಗೆ, ಕೆಂಪಂಚಿನ ಹಸಿರು ರವಿಕೆ ಕಣ. ನನ್ನ ಕೈ ಗ್ರೀಸಾಗಿದೆಯಲ್ಲ, ಅದಕ್ಕೇ ಕೈಗೆ ಕೊಡದೆ ಕುರ್ಚಿಯ ಮೇಲಿಟ್ಟರು ಎಂದುಕೊಂಡೆ.

"ಇದ್ನ ನಾನೇ ಬಂದು ನಿಂಗೇ ಕೊಡ್ಬೇಕು ಅನ್ನುಸ್ತು. ಇಟ್ಕೊ ಮಗ" ಎಂದು ಹೇಳಿ ಹೊರಟೇಬಿಟ್ಟರು.

ಪ್ರಸಾದ ಅಷ್ಟು ಹೊತ್ತೂ ಬೈಕಿನ ಪಕ್ಕ ಹೆಲ್ಮೆಟ್ ಹಿಡಿದು ನಿಂತಿದ್ದ. ಕಿವಿ ಎರಡೂ ಕೆಂಪಗಾಗಿದ್ದವು. ಒಂದು ಸಲ ನನ್ನ ಕಡೆ ನೋಡಿದವನು, ನನ್ನ ಕಣ್ಣು ಸಿಕ್ಕಿದ ಕೂಡಲೆ ಹೆಲ್ಮೆಟ್ಟಿನೊಳಗೆ ಏನೋ ಬೀಳಿಸಿಕೊಂಡವನ ಹಾಗೆ ತಲೆ ತಗ್ಗಿಸಿದ. ನಾಚಿಕೆ ಎಂದುಕೊಂಡೆ. ಗಂಡಸರು ನಾಚಿಕೊಂಡರೆ ಎಷ್ಟು ಚೆಂದ ಎಂದೂ ಅಂದುಕೊಂಡೆ. ನನ್ನ ಬುದ್ಧಿಗಿಷ್ಟು ಬೆಂಕಿ ಹಾಕ.

ಪೂರ್ತಿ ಹೆಸರು ರೇಣುಕಾಪ್ರಸಾದ್. ಸಂತೆಮಾಳದ ಟ್ಯಾಂಕಿನ ನೀರುಗಂಟಿ ಅವನು. ಟ್ಯಾಂಕ್ ಹತ್ತಿ ನೀರಿನ ಮಟ್ಟ ನೋಡುವುದು, ಬೀದಿ ಬೀದಿಯ ವಾಲ್ವ್ ತಿರುಗಿಸಿ ಸರದಿ ಪ್ರಕಾರ ನೀರು ಬಿಡುವುದು ಅವನ ಕೆಲಸ. ಮೋಟಾರು ಹಾಕುವುದು, ನಿಲ್ಲಿಸುವುದು ನನ್ನ ಕೆಲಸ. ಐಟಿಐ ಮುಗಿಸಿ ಇಲ್ಲಿಗೆ ಸೇರಿದ ಮೊದಲ ದಿನ ಅವನ ಫೋನು ಬಂತು. ಎತ್ತಿದೆ.

"ಅಯ್ಯೋ ಮೇಡಂ, ಯಾಕ್ ಎತ್ತುದ್ರಿ?"

"ಇದೊಳ್ಳೆ ಕಥೆ. ಫೋನ್ ಇರೋದೇ ಎತ್ತಕ್ಕೆ ಕಣ್ರೀ."

"ಇಲ್ಲಿ ಅಂಗಿಲ್ಲ. ಒಂದು ರಿಂಗ್ ಕೊಟ್ಟು ಕಟ್ ಮಾಡುದ್ರೆ ಟ್ಯಾಂಕ್ ತುಂಬ್ತು, ಮೋಟ್ರು ನಿಲ್ಸಿ ಅಂತ. ಎರಡು ಸಲ ಕೊಟ್ರೆ ನೀರು ಕಮ್ಮಿ ಆಯ್ತು, ಹಾಕಿ ಅಂತ. ನೀವ್ ಎತ್ಬುಟ್ರೆ ಮಾತಾಡ್ಬೇಕಾಯ್ತದೆ."

"ಮಾತಾಡುದ್ರೆ ಏನ್ ಕಳ್ಕೊಳ್ತೀರಿ?"

"ಗೊತ್ತಿಲ್ಲ ಮೇಡಂ, ಯಾವತ್ತೂ ಮಾತಾಡಿಲ್ಲ" ಅಂದ. ನನಗೆ ನಗು ಬಂತು. ಅದೇ ಎಡವಟ್ಟಾಗಿದ್ದು.

ಕೆಲವು ವಾರ ಕಳೆದ ಮೇಲೆ ಒಂದು ದಿನ ಮೂರು ಸಲ ರಿಂಗ್ ಬಂತು. ನಾನೇ ತಿರುಗಿ ಮಾಡಿದೆ.

"ಮೂರಕ್ಕೆ ಏನ್ರೀ ಅರ್ಥ?"

"ಮೂರಕ್ಕೆ ಅರ್ಥ ಇಲ್ಲ ಮೇಡಂ. ಟ್ಯಾಂಕ್ ಮೇಲಿಂದ ಹೊಳೆ ಕಾಣ್ತದೆ. ಹೊಳೆ ಕಂಡ್ರೆ ಪಂಪ್‌ಹೌಸೂ ಕಾಣ್ತದೆ. ಅಷ್ಟೇಯ."

ಅಷ್ಟೇ. ಅದಾದ ಮೇಲೆ ದಿನಾ ಮೂರು ರಿಂಗ್. ಮದುವೆ ಮನೆಗಳವರು ನೀರುಗಂಟಿಗೆ ಕೊಡುವ ವೀಳ್ಯದ ತಟ್ಟೆಯಿಂದ ಬಾಳೆಹಣ್ಣು, ಕೊಬ್ಬರಿ ಎತ್ತಿಕೊಂಡು ಸಂಜೆ ಹೊಳೆದಂಡೆಗೆ ಬರುತ್ತಿದ್ದ. ಅರ್ಧ ನನಗೆ, ಅರ್ಧ ಅವನಿಗೆ. ಹಣ್ಣು ಸುಲಿಯುವಾಗ ನಾನು ನೋಡುತ್ತಿಲ್ಲ ಅಂದುಕೊಂಡು ನನ್ನ ಕೈಯನ್ನೇ ನೋಡುತ್ತಿದ್ದ. ನಾನು ತಲೆಯೆತ್ತಿದರೆ ಹೊಳೆಯ ಕಡೆ ತಿರುಗಿ, "ನೀರು ಜಾಸ್ತಿ ಆಗದೆ ಅಲ್ವಾ?" ಅನ್ನುತ್ತಿದ್ದ. ಬೇಸಿಗೆಯಲ್ಲೂ ಅದನ್ನೇ ಅನ್ನುತ್ತಿದ್ದ.

ಟ್ಯಾಂಕ್ ತೊಳೆಯುವ ದಿನ ನಾನೂ ಮೇಲೆ ಹತ್ತಿದೆ. ನೀರೆಲ್ಲ ಖಾಲಿ ಮಾಡಿ, ಬ್ಲೀಚಿಂಗ್ ಪೌಡರ್ ಹಾಕಿ ಉಜ್ಜಿ, ಕೆಲಸದವರು ಕೆಳಗಿಳಿದಿದ್ದರು. ಒಳಗೆ ಏಣಿಯ ಬುಡದಲ್ಲಿ ಪ್ರಸಾದನೊಬ್ಬನೇ ನಿಂತು, ಕತ್ತೆತ್ತಿ ನನ್ನ ಹೆಸರು ಕೂಗಿದ. ಸಂಘಮಿತ್ರಾ. ಖಾಲಿ ಟ್ಯಾಂಕಿನಲ್ಲಿ ಅದು ಸುತ್ತು ಹಾಕಿ ಹಾಕಿ ಮೇಲೆ ಬಂತು. ಮೂಗಿಗೆ ಬ್ಲೀಚಿಂಗ್ ಘಾಟು, ಕಣ್ಣಲ್ಲಿ ನೀರು, ಅಷ್ಟು ಸುಖ ನಾನು ಯಾವತ್ತೂ ಪಟ್ಟಿರಲಿಲ್ಲ.

"ಚೆನ್ನಾಗ್ ಕೂಗ್ತೀಯ ಕಣೋ" ಎಂದೆ. "ಇದೇ ಹೆಸರನ್ನ ನಿಮ್ಮನೇಲಿ ಒಂದ್ಸಲ ಹೇಳು. ಮೆಲ್ಲಗೆ ಹೇಳುದ್ರೂ ಸಾಕು."

"ಏಳ್ತೀನಿ ಕಣೆ. ಗೌರಿ ಹಬ್ಬ ಕಳೀಲಿ."

ಗೌರಿ ಹಬ್ಬ ಕಳೆಯಿತು, ದಸರಾ ಕಳೆಯಿತು, ಸಂಕ್ರಾಂತಿಯೂ ಕಳೆಯಿತು. ನಾನು ಜಗಳ ಮಾಡುತ್ತಿದ್ದೆ, ಅವನು ಮುಂದಿನ ಹಬ್ಬದ ಹೆಸರು ಹೇಳುತ್ತಿದ್ದ. ನನಗೆ ಬೇಕಾಗಿದ್ದು ಅದೊಂದೇ: ಅವನ ಮನೆಯವರೆದುರಿಗೆ ಅವನ ಬಾಯಿಂದ ನನ್ನ ಹೆಸರು. ಮಿಕ್ಕಿದ್ದೆಲ್ಲವನ್ನೂ ನಾನು ನೋಡಿಕೊಳ್ಳುತ್ತಿದ್ದೆ. ಜಗಳ ಆಡುವುದರಲ್ಲಿ ನನಗೇನೂ ಕಮ್ಮಿ ಇಲ್ಲ.

ಹೀಗಿರುವಾಗ ಆ ತಟ್ಟೆ ಬಂತು. ಅವತ್ತು ಸಂಜೆ ನಾನೇ ಫೋನು ಮಾಡಿದೆ.

"ಅಮ್ಮ ಒಪ್ಪುದ್ರಲ್ಲೋ!"

"ಹೂಂ."

"ಏನೋ ಹೂಂ? ಕುಣಿಯೋ."

"ಟ್ಯಾಂಕ್ ಮೇಲಿವ್ನಿ ಕಣೆ. ಕುಣುದ್ರೆ ಬಿದ್ದೋಗ್ತೀನಿ."

ನಾನು ನಕ್ಕೆ. ಅವನೂ ನಕ್ಕ. ಮಿಕ್ಕಿದ್ದನ್ನೆಲ್ಲ ಎಂದಾದರೂ ಕ್ಷಮಿಸಿಯೇನು, ಆ ನಗುವನ್ನು ಕ್ಷಮಿಸುವುದಿಲ್ಲ.

ಮನೆಯಲ್ಲಿ ನನ್ನವ್ವ ಪುಟ್ಟಲಕ್ಷ್ಮಿ ರವಿಕೆ ಕಣವನ್ನು ಬೆಳಕಿಗೆ ಹಿಡಿದು ನೋಡಿದಳು. "ದೊಡ್ಡೋರ ಮನೆ ಬಟ್ಟೆ ಕಣ್ ಮಗ. ಯಾಕ್ ಕೊಟ್ರು ಅಂತ ಬಾಯ್ಬಿಟ್ ಕೇಳ್ದಾ?"

"ಅದ್ನೂ ಕೇಳ್ತಾರಾ? ನಿಂಗೆ ನನ್ ಖುಷಿ ಕಂಡ್ರೆ ಆಗಕಿಲ್ಲ" ಎಂದು ಅವ್ವನ ಮೇಲೆ ಹಾರಾಡಿದೆ. ಅವ್ವ ಮಿಷಿನ್ ಮುಂದೆ ಕೂತು ತಾನೇ ಹೊಲಿದುಕೊಟ್ಟಳು. ತೋಳಿಗೆ ಕೆಂಪಂಚು ಬರುವ ಹಾಗೆ ಕೂರಿಸಿದ್ದಳು. ತೊಟ್ಟು ಕನ್ನಡಿ ನೋಡಿಕೊಂಡೆ, ಚೆನ್ನಾಗಿ ಕಾಣುತ್ತಿದ್ದೆ. ಸುಳ್ಳು ಯಾಕೆ ಹೇಳಲಿ.

ಎರಡನೇ ಪಾಳಿಯ ಆಪರೇಟರ್ ಕಾಂತರಾಜಣ್ಣ ಆ ವಾರದ ಕೊನೆಯಲ್ಲಿ ಡ್ಯೂಟಿ ಬದಲಾಯಿಸುವಾಗ ಹಲ್ಲು ಕಿಸಿಯುತ್ತ ಬಂದ.

"ಏನವ್ವಾ, ವೀಳ್ಯ ನಿಂಗೊಬ್ಳಿಗೇ ಕೊಟ್ಟೋದ್ರಂತೆ? ನಂಗೊಂದು ಬಾಳೆಅಣ್ಣೂ ಇಲ್ವಾ?"

"ಯಾವ ವೀಳ್ಯ ಅಣ್ಣಾ?"

"ಪ್ರಸಾದನ್ ಮದ್ವೇದು ಕಣವ್ವ. ಭಾನುವಾರ ಬೆಳಿಗ್ಗೆ ಅವ್ರ ಮನೇಲಿ ಗಂಗೆ ಶಾಸ್ತ್ರ. ಅವತ್ತು ಅವ್ರ ಬೀದಿಗೆ ನೀರಿನ ಸರದಿ ಇಲ್ವಲ್ಲ. ಬೇರೆಯೋರಾದ್ರೆ ನೀರುಗಂಟಿಗೆ ಕೊಡೋರು. ನೀರುಗಂಟೀನೇ ಗಂಡಾದ್ರೆ ಅವ್ರವ್ವ ಇನ್ಯಾರಿಗ್ ಕೊಟ್ಟಾಳು? ಎಣ್ಣು ಭೇರ್ಯದೋಳು, ಉಷಾರಾಣಿ ಅಂತ. ಟೀಚರಂತೆ."

ನಮ್ಮೂರಿನ ಪದ್ಧತಿ ನಿಮಗೆ ಗೊತ್ತಿಲ್ಲದಿದ್ದರೆ ಹೇಳುತ್ತೇನೆ. ಗಂಡಿಗೂ ಹೆಣ್ಣಿಗೂ ಮದುವೆಯ ಸ್ನಾನಕ್ಕೆ ಹೆಂಗಸರು ಬಿಂದಿಗೆ ಹೊತ್ತು ಹೋಗಿ, ಗಂಗೆಯನ್ನು ಪೂಜೆ ಮಾಡಿ ನೀರು ತರಬೇಕು. ಮೊದಲು ಬಾವಿಯಿಂದ ತರುತ್ತಿದ್ದರಂತೆ, ಈಗ ಬೀದಿ ಕೊಳಾಯಿಯಿಂದ. ಅವತ್ತು ಕೊಳಾಯಿಯಲ್ಲಿ ನೀರು ಬರದೆ ಖಾಲಿ ಬಿಂದಿಗೆ ವಾಪಸ್ ಬಂದರೆ ಅಪಶಕುನ. ಅದಕ್ಕೆ ನೀರು ಬಿಡುವವರಿಗೆ ಮುಂಚೆಯೇ ವೀಳ್ಯ ಕೊಟ್ಟು ಕೇಳಿಕೊಳ್ಳುತ್ತಾರೆ. ಊರಿನ ಎಷ್ಟೋ ಮದುವೆಗಳ ವೀಳ್ಯದ ಬಾಳೆಹಣ್ಣು ತಿಂದವಳು ನಾನು. ಆದರೆ ಆ ತಟ್ಟೆಗಳು ಹೋಗುತ್ತಿದ್ದುದು ಅವನಿಗೆ. ಅವುಗಳಲ್ಲಿ ಹೂವು, ರವಿಕೆ ಕಣ ಇರುತ್ತಿರಲಿಲ್ಲ. ನೀರು ಬಿಡುವವಳು ಹೆಂಗಸಾದರೆ ಅವೂ ಇರುತ್ತವೆ ಎಂದು ನನಗೆ ಹೇಗೆ ತಿಳಿಯಬೇಕು? ನನಗಿಂತ ಮುಂಚೆ ಇಲ್ಲಿ ಹೆಂಗಸರು ಕೆಲಸ ಮಾಡಿರಲೇ ಇಲ್ಲ.

"ಓ ಅದಾ" ಎಂದೆ. "ಬಾಳೆಹಣ್ಣು ನಾನೇ ತಿಂದ್ಬುಟ್ಟೆ ಕಣಣ್ಣ."

ಆಮೇಲೆ ಮೋಟಾರಿನ ಹಿಂದೆ ಹೋಗಿ ಕೂತೆ. ಸೋಮವಾರದ ಒಪ್ಪತ್ತು, ಕುರ್ಚಿಯ ಮೇಲಿಟ್ಟ ತಟ್ಟೆ, ಕೆಂಪಗಾದ ಕಿವಿ, ಎಲ್ಲವೂ ಒಂದೊಂದಾಗಿ ಬಂದು ಅರ್ಥ ಹೇಳಿ ಹೋದವು. ಅಳು ಬರಲಿಲ್ಲ, ನಾಚಿಕೆ ಬಂತು. ಅವ್ವನಿಗೆ ಏನು ಹೇಳಲಿ ಎಂಬ ನಾಚಿಕೆ.

ಭಾನುವಾರ ಮೋಟಾರು ಹಾಕದೆ ಇರಬಹುದಿತ್ತು. ಟ್ರಿಪ್ ಆಗಿ ನಿಂತುಹೋಯಿತು ಎಂದರೆ ಮುಗಿಯಿತು, ಯಾರೂ ಕೇಳುತ್ತಿರಲಿಲ್ಲ. ರೇಷ್ಮೆ ಸೀರೆಯ ಸಾಲು ಖಾಲಿ ಬಿಂದಿಗೆ ಹೊತ್ತು ನಿಲ್ಲುವುದನ್ನು ನೆನೆದು ಎರಡು ದಿನ ಸುಖಪಟ್ಟೆ. ಆದರೆ ನೀರು ನಿಂತರೆ ನಾನು ಕೆಟ್ಟವಳಾಗುತ್ತೇನೆ, ಸದ್ಯ ಇವಳನ್ನು ಕಟ್ಟಿಕೊಳ್ಳಲಿಲ್ಲ ಎಂದು ಅವನ ಮನಸ್ಸು ಹಗುರವಾಗುತ್ತದೆ. ಅಷ್ಟು ಉಪಕಾರ ಮಾಡಲು ನನಗೆ ಮನಸ್ಸಾಗಲಿಲ್ಲ. ಬೆಳಿಗ್ಗೆಯೇ ಮೋಟಾರು ಹಾಕಿ, ಕಾಂತರಾಜಣ್ಣನನ್ನು ಕೂರಿಸಿ, ಆ ಹಸಿರು ರವಿಕೆ ತೊಟ್ಟು ಅವರ ಬೀದಿಗೆ ಹೋದೆ.

ಯಾಕೆ ಹೋದೆ? ವೀಳ್ಯ ಹಿಡಿದ ಮೇಲೆ ಹೋಗದಿದ್ದರೆ ಮರ್ಯಾದೆಯಲ್ಲ ಎಂದು ಹೇಳಬಹುದು. ಅದು ಸುಳ್ಳು. ನಾನು ಎದುರಿಗೆ ನಿಂತರೆ ಅವನು ತಡೆದುಕೊಳ್ಳಲಾರ ಎಂಬ ಕೊಬ್ಬು ನನಗಿತ್ತು.

ಅರಳೀಕಟ್ಟೆ ಬೀದಿಯ ಕೊಳಾಯಿಯ ಸುತ್ತ ರಂಗೋಲಿ, ಅರಿಶಿನ ಬಳಿದ ಬಿಂದಿಗೆಗಳು, ಹೆಂಗಸರು. ಎದುರಿಗೇ ಅವರ ಮನೆ, ಚಪ್ಪರ. ಶಿವರುದ್ರಮ್ಮ ನನ್ನನ್ನು ಕಂಡು ಬೆಚ್ಚಲಿಲ್ಲ. ನಾನು ಬೆಚ್ಚಿಸಲೆಂದೇ ಹೋಗಿದ್ದು, ಆಕೆ ಮಾತ್ರ ಅದೇ ನಗು ನಗುತ್ತ ಹತ್ತಿರ ಬಂದರು.

"ಬಂದ್ಯಾ ಮಗ? ನಿನ್ ಕೈನಲ್ಲೇ ವಾಲ್ವು ತಿರುಗ್ಸು."

ಬೀದಿಯ ಅಂಚಿನ ಗುಂಡಿಯ ಮುಚ್ಚಳ ಸರಿಸಿ ವಾಲ್ವ್ ತಿರುಗಿಸುವ ಉದ್ದನೆ ಕೀ ಇಳಿಸಿದೆ. ಆಕೆ ನನ್ನ ಪಕ್ಕ ಬಗ್ಗಿ, ಬೇರೆಯವರಿಗೆ ಕೇಳಿಸದ ಹಾಗೆ, ಮಗುವಿಗೆ ಬುದ್ಧಿ ಹೇಳುವ ದನಿಯಲ್ಲಿ ಮಾತಾಡಿದರು.

"ಅವ್ನು ಎಲ್ಲಾನೂ ಏಳ್ದ ಕಣ್ ಮಗ. ನಿನ್ನೇ ಮಾಡ್ಕೊಳ್ಳೋದು ಅಂದ. ಎರಡು ದಿನ ಅನ್ನ ಬುಟ್ಟ. ಮೂರ್ನೇ ದಿನ ಉಂಡ. ವೀಳ್ಯ ನಿಂಗೇ ಕೊಡ್ಬೇಕು ಅಂದೋಳು ನಾನೇಯ. ನೀನೇ ನೀರು ಬುಟ್ರೆ ಅವ್ನ ಮನಸ್ನಲ್ಲಿರೋದು ಮುಗ್ದೋಯ್ತದೆ ಅಂತ. ನಿನ್ ಮ್ಯಾಲೆ ನಂಗೇನೂ ಕ್ವಾಪ ಇಲ್ಲ ಕಣವ್ವ."

ನಾನು ಕೀ ತಿರುಗಿಸಿದೆ. ಮೊದಲು ಬುಸ್ ಅಂತ ಗಾಳಿ, ಆಮೇಲೆ ಕೆಸರು ಬಣ್ಣ, ಆಮೇಲೆ ತಿಳಿನೀರು. "ಗಂಗಮ್ಮ ಬಂದ್ಲು" ಎಂದು ಹೆಂಗಸರು ಕೊಳಾಯಿಗೆ ಕೈಮುಗಿದರು. ನನ್ನ ಪಾಲಿನ ಅರಿಶಿನ ಕುಂಕುಮವನ್ನು ಶಿವರುದ್ರಮ್ಮ ಗುಂಡಿಯ ಮುಚ್ಚಳದ ಮೇಲಿಟ್ಟರು. ಅವತ್ತು ನನ್ನ ಕೈಯಲ್ಲಿ ಗ್ರೀಸು ಇರಲಿಲ್ಲ.

ಅವನು ಚಪ್ಪರದ ಕೆಳಗೆ ಮಣೆಯ ಮೇಲೆ ಕೂತಿದ್ದ. ಮುಖಕ್ಕೆ, ಕೈಗೆ ಅರಿಶಿನ. ನನ್ನನ್ನು ನೋಡಿದ, ರವಿಕೆಯನ್ನು ನೋಡಿದ, ಮತ್ತೆ ನನ್ನನ್ನು ನೋಡಿದ. ಈ ಸಲ ತಲೆ ತಗ್ಗಿಸಲು ಹೆಲ್ಮೆಟ್ ಇರಲಿಲ್ಲ. ಕಣ್ಣು ತುಂಬಿಕೊಂಡಿತು. ಅವನು ಏಳುತ್ತಾನೆ ಅನ್ನಿಸಿತು. ನಿಜವಾಗಿ ಅನ್ನಿಸಿತು.

ಅವನ ಚಿಕ್ಕಪ್ಪನ ಮಗಳು ಪೂಜಾ, ಬಿಂದಿಗೆ ಕಂಕುಳಲ್ಲಿ ಇಟ್ಟುಕೊಂಡೇ ಕೂಗಿದಳು. "ಪ್ರಸಾದಣ್ಣಾ, ಯಾರಣ್ಣ ಇವ್ರು? ಎಷ್ಟ್ ಚೆನ್ನಾಗವ್ರೆ!"

ಬೀದಿಯ ಹೆಂಗಸರೆಲ್ಲ ಅವನ ಕಡೆ ತಿರುಗಿದರು. ಅವನ ತಾಯಿಯೂ ತಿರುಗಿದರು. ನನ್ನ ಹೆಸರು ಹೇಳಿದ್ದರೆ ಸಾಕಿತ್ತು. ಮದುವೆ ನಿಲ್ಲಿಸು ಎಂದು ನಾನು ಕೇಳುತ್ತಿರಲಿಲ್ಲ, ದೇವರಾಣೆ. ಸಂಘಮಿತ್ರ ಅಂದಿದ್ದರೆ ಅಷ್ಟನ್ನೇ ಇಟ್ಟುಕೊಂಡು ಮನೆಗೆ ಹೋಗುತ್ತಿದ್ದೆ.

"ಆಫೀಸ್ನೋರು ಕಣೆ" ಅಂದ. "ಮೋಟ್ರು ಆಪರೇಟ್ರು."

"ಹೌದು ಕಣಮ್ಮ" ಎಂದೆ ಪೂಜಾಳಿಗೆ. "ನೀರು ಸಾಕಾ, ಇನ್ನೂ ಬೇಕಾ?"

"ಸಾಕು ಮಗ, ಮುಚ್ಚು" ಎಂದರು ಶಿವರುದ್ರಮ್ಮ. ಮುಚ್ಚಿದೆ. ಅವ್ವ ಹೊಲಿದ ರವಿಕೆಯ ತೋಳು ಕೀ ತಿರುಗಿಸುವಾಗ ಕಂಕುಳಲ್ಲಿ ಹರಿಯಿತು. ಅದನ್ನು ಮತ್ತೆ ಹೊಲಿಸಲಿಲ್ಲ.

ಮದುವೆ ರಜೆ ಮುಗಿಸಿ ಅವನು ಕೆಲಸಕ್ಕೆ ಬಂದ. ಬೇರೆ ಪ್ರೇಮಿಗಳಿಗೆ ಅಗಲುವ ಭಾಗ್ಯವಾದರೂ ಇರುತ್ತದೆ, ನಂಬರ್ ಬ್ಲಾಕ್ ಮಾಡಬಹುದು, ದಾರಿ ಬದಲಾಯಿಸಬಹುದು. ನಮಗೆ ಅದಿಲ್ಲ. ಅವನು ಟ್ಯಾಂಕಿನ ಮೇಲಿಂದ ನನಗೆ ರಿಂಗ್ ಕೊಡದಿದ್ದರೆ, ನಾನು ಅದನ್ನು ಕಾಯುತ್ತ ಕೂರದಿದ್ದರೆ, ಊರಿಗೆ ನೀರಿಲ್ಲ. ದಿನಾ ಒಂದು ರಿಂಗ್ ಬಂತು, ಎರಡು ರಿಂಗ್ ಬಂತು. ಮೂರನೆಯದು ಬರಲಿಲ್ಲ. ಬರಲಿಲ್ಲವೆಂದು ಸಂಕಟವಾಗುತ್ತಿತ್ತು. ಬಂದಿದ್ದರೆ ಫೋನನ್ನು ಹೊಳೆಗೆ ಎಸೆಯುತ್ತಿದ್ದೆ.

ಒಂದು ಮಧ್ಯಾಹ್ನ ಫೋನು ಬಡಿದುಕೊಳ್ಳುತ್ತಲೇ ಇತ್ತು, ಕಟ್ ಆಗಲಿಲ್ಲ. ಎತ್ತಿದೆ.

"ಸಂಘೂ..."

"ಟ್ಯಾಂಕ್ ತುಂಬ್ತಾ?"

"ಒಂದ್ನಿಮಿಷ ಕಣೆ. ಒಂದೇ ಒಂದ್ನಿಮಿಷ."

"ತುಂಬ್ತೋ ಇಲ್ವೋ, ಅಷ್ಟ್ ಹೇಳಿ."

"ನೀನು ಅಂಗೆ ಬೇರೆಯೋರ್ ತರ ಮಾತಾಡ್ಬೇಡ. ಬೋ ಸಂಕ್ಟ ಆಯ್ತದೆ. ಬೇಕಾದ್ರೆ ಬಯ್ಯಿ, ಲೋಫರ್ ಅನ್ನು."

ಅವನ ದನಿಯ ಹಿಂದೆ ನೀರು ಧೋ ಎಂದು ಸುರಿಯುವ ಸದ್ದು ಕೇಳಿಸಿತು. ಟ್ಯಾಂಕ್ ತುಂಬಿ ಹೊರಗೆ ಹೋಗುತ್ತಿತ್ತು. ತುಂಬಿತು ಅಂದರೆ ನಾನು ಫೋನ್ ಇಟ್ಟುಬಿಡುತ್ತೇನೆ ಎಂದು ಹೇಳದೆ ನಿಂತಿದ್ದ. ಕೆಂಪು ಬಟನ್ ಒತ್ತಿದೆ. ಮೋಟಾರು ನಿಂತು ಪಂಪ್‌ಹೌಸ್ ತಣ್ಣಗಾಯಿತು. ಈಗ ಅವನ ಉಸಿರೂ ಸ್ಪಷ್ಟವಾಗಿ ಕೇಳುತ್ತಿತ್ತು. ಸ್ಪೀಕರ್ ಹಾಕಿ ಫೋನನ್ನು ಪ್ಯಾನಲ್ ಬೋರ್ಡಿನ ಪಕ್ಕ ಇಟ್ಟೆ, ಊಟದ ಡಬ್ಬಿ ತೆಗೆದೆ.

"ಪೂಜಾ ಕೇಳ್ದಾಗ ನಿನ್ನೆಸ್ರು ಬಾಯಿಗ್ ಬಂದಿತ್ತು ಕಣೆ. ಅವ್ವನ್ ಮುಖ ನೋಡ್ದೆ, ಕಚ್ಕೊಂಡ್ಬುಟ್ಟೆ. ಉಷಾದೇನೂ ತಪ್ಪಿಲ್ಲ, ಪಾಪದೋಳು. ಆದ್ರೆ ಮನೇಗೋದ್ರೆ ಉಸಿರ್ ಕಟ್ತದೆ. ನಿನ್ ಬುಟ್ರೆ ನಂಗ್ಯಾರೂ ಇಲ್ಲ ಸಂಘೂ. ಈಗ ಏಳ್ತೀನಿ. ಯಾರ್ ಮುಂದ್ ಬೇಕಾದ್ರೂ ಏಳ್ತೀನಿ. ಇಲ್ಲಿಂದ್ಲೇ ಕೂಗ್ಲಾ?"

ಕೂಗಿಯೇಬಿಟ್ಟ. ಟ್ಯಾಂಕಿನ ಮೇಲೆ ನಿಂತು, ಸಂತೆಮಾಳದ ಅಂಗಡಿಯವರಿಗೆಲ್ಲ ಕೇಳಿಸುವ ಹಾಗೆ, ನನ್ನ ಪೂರ್ತಿ ಹೆಸರು. ಅಳುತ್ತ ಕೂಗಿದ. ಅಷ್ಟು ಕಾಲ ನಾನು ಕೇಳಬೇಕೆಂದು ಕಾದ ಮಾತುಗಳನ್ನೆಲ್ಲ ಒಂದನ್ನೂ ಬಿಡದೆ ಹೇಳಿದ. ನಾನೂ ಒಂದನ್ನೂ ಬಿಡದೆ ಕೇಳಿಸಿಕೊಂಡೆ. ಅವನ ಮೇಲೆ ನನಗೆ ಈಗಲೂ ಪ್ರೀತಿ ಇದೆ, ಅದನ್ನು ಯಾಕೆ ಮುಚ್ಚಿಡಲಿ.

ಅವ್ವ ಮುದ್ದೆ, ಉಪ್ಪುಸಾರು ಕಟ್ಟಿದ್ದಳು. ಗಂಟಲಲ್ಲಿ ಇಳಿಯಲಿಲ್ಲ ಎಂದರೆ ನಿಮಗೆ ಸಮಾಧಾನವಾದೀತು. ಇಳಿಯಿತು.

"ಹಲೋ? ಸಂಘೂ? ಇದ್ದೀಯಾ? ಏನಾರ ಅನ್ನು. ಹಲೋ?"

ನಾನು ಇನ್ನೊಂದು ತುತ್ತು ಮುರಿದುಕೊಂಡೆ.